ಯಂತ್ರದ ಮುಂದೆ ಕುಳಿತವರು ಯಾರು? ಮಾನವ–ಗಣಕ ಒಡನಾಟದ ಸಂಶೋಧನೆಯ ಚರಿತ್ರೆಯನ್ನು ಓದುವ ಬಗೆ

ಮನುಷ್ಯನಿಗೂ ಕಂಪ್ಯೂಟರಿಗೂ ನಡುವೆ ನಡೆಯುವ ಒಡನಾಟವನ್ನು ಅಧ್ಯಯನ ಮಾಡುವ ಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಹ್ಯೂಮನ್–ಕಂಪ್ಯೂಟರ್ ಇಂಟರ್‌ಆ್ಯಕ್ಷನ್ ಎಂದೂ ಚಿಕ್ಕದಾಗಿ ಎಚ್‌ಸಿಐ ಎಂದೂ ಕರೆಯುತ್ತಾರೆ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಪಠ್ಯವಿಷಯವಾಗಿ ಸಿಗುತ್ತದೆ, ವಿನ್ಯಾಸ ಕಲಿಯುವವರಿಗೆ ಬೇರೆ ಬೇರೆ ಹೆಸರುಗಳಲ್ಲಿ ಸಿಗುತ್ತದೆ, ಕನ್ನಡದ ತಂತ್ರಾಂಶ ಬರೆಯುವವರಿಗಂತೂ ಹೆಸರಿಲ್ಲದೆಯೇ ದಿನವೂ ಎದುರಾಗುತ್ತದೆ. ಇವರಲ್ಲಿ ಯಾರೇ ಆಗಲಿ, ಈ ಕ್ಷೇತ್ರದ ಸಂಶೋಧನೆ ಹೇಗೆ ಬೆಳೆದು ಬಂದಿತು, ಈಗ ಯಾವ ಕಡೆಗೆ ಸಾಗುತ್ತಿದೆ ಎಂಬುದನ್ನು ಸ್ವತಃ ಓದಿ ತಿಳಿಯಲು ಹೊರಟರೆ ಎಲ್ಲಿಂದ ತೊಡಗಬೇಕು, ಓದುವಾಗ ಏನನ್ನು ಗಮನಿಸಬೇಕು, ಯಾವುದನ್ನು ಕೈಯಾರೆ ಮಾಡಿ ನೋಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಈ ಚರಿತ್ರೆಯನ್ನು ಸಾಧನಗಳ ಮೆರವಣಿಗೆಯಂತೆ ಹೇಳುವ ರೂಢಿಯಿದೆ. ಮೊದಲು ತೂತು ಹಾಕಿದ ಕಾರ್ಡು, ಆಮೇಲೆ ಕೀಲಿಮಣೆ, ಆಮೇಲೆ ಮೌಸ್, ಆಮೇಲೆ ಟಚ್‌ಸ್ಕ್ರೀನ್, ಈಗ ಮಾತು. ನೆನಪಿನಲ್ಲಿಟ್ಟುಕೊಳ್ಳಲು ಇದು ಸುಲಭ. ಆದರೆ ಒಂದು ಸಾಧನ ಏಕೆ ಉಳಿಯಿತು, ಅದರ ಜೊತೆಗೇ ಹುಟ್ಟಿದ ಇನ್ನೊಂದು ಏಕೆ ಅಳಿಯಿತು ಎಂದು ಕೇಳಿದರೆ ಈ ಪಟ್ಟಿಯಲ್ಲಿ ಉತ್ತರವಿಲ್ಲ. ಈ ಕ್ಷೇತ್ರದ ಯಾವ ಪ್ರಬಂಧವನ್ನು ತೆರೆದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ ಎಂಬುದು ನನ್ನ ದೃಢವಾದ ಅಭಿಪ್ರಾಯ: ಇಲ್ಲಿ ಯಂತ್ರದ ಮುಂದೆ ಕುಳಿತಿರುವ ಮನುಷ್ಯ ಯಾರು? ಆ ಮನುಷ್ಯ ಬದಲಾದಾಗಲೆಲ್ಲ ಸಂಶೋಧನೆಯ ವಿಧಾನ ಬದಲಾಗಿದೆ, ಅಳತೆ ಬದಲಾಗಿದೆ, ಕೊನೆಗೆ ಯಂತ್ರವೂ ಬದಲಾಗಿದೆ.

ಆದ್ದರಿಂದ ಓದಲು ತೊಡಗುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಐದು ಅಂಕಣಗಳನ್ನು ಎಳೆದುಕೊಳ್ಳಿ. ಮೊದಲನೆಯದರಲ್ಲಿ ವರ್ಷ, ಎರಡನೆಯದರಲ್ಲಿ ಯಂತ್ರದ ಮುಂದೆ ಇದ್ದವರು, ಮೂರನೆಯದರಲ್ಲಿ ಅವರು ಮಾಡುತ್ತಿದ್ದ ಕೆಲಸ, ನಾಲ್ಕನೆಯದರಲ್ಲಿ ಸಂಶೋಧಕರು ಅಳೆದದ್ದು, ಐದನೆಯದರಲ್ಲಿ ಅವರು ಅಳೆಯದೆ ಬಿಟ್ಟದ್ದು ಎಂದು ಬರೆಯಿರಿ. ಐದನೆಯ ಅಂಕಣವನ್ನು ತುಂಬುವುದು ಮೊದಮೊದಲು ಕಷ್ಟ. ಹತ್ತು ಹನ್ನೆರಡು ಪ್ರಬಂಧಗಳನ್ನು ಓದಿದ ಮೇಲೆ ಹಿಂದಿನ ಸಾಲುಗಳಿಗೆ ಮರಳಿ ಬಂದು ಅದನ್ನು ತುಂಬಬಹುದು.

ಕಂಪ್ಯೂಟರಿಗಿಂತ ಹಿಂದಿನ ಸಾಲುಗಳು

ಮೊದಲ ಸಾಲನ್ನು ಕಂಪ್ಯೂಟರಿನಿಂದ ಆರಂಭಿಸಬೇಡಿ. ಎರಡನೆಯ ಮಹಾಯುದ್ಧದ ವಿಮಾನಗಳಿಂದ ಆರಂಭಿಸಿ. ಅಮೆರಿಕದ ಬಿ–17 ಬಾಂಬರ್ ವಿಮಾನಗಳಲ್ಲಿ, ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲ್ಯಾಪುಗಳನ್ನು ಮಡಚಬೇಕಾದ ಪೈಲಟ್‌ಗಳು ತಪ್ಪಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಮನಶ್ಶಾಸ್ತ್ರಜ್ಞ ಆಲ್ಫಾನ್ಸ್ ಚಪಾನಿಸ್ ಹೋಗಿ ನೋಡಿದಾಗ ಎರಡೂ ಹಿಡಿಕೆಗಳು ಪಕ್ಕಪಕ್ಕದಲ್ಲಿದ್ದು ಮುಟ್ಟಿದರೆ ಒಂದೇ ತೆರನಾಗಿದ್ದವು. ಆತ ಚಕ್ರದ ಹಿಡಿಕೆಯ ತುದಿಗೆ ರಬ್ಬರಿನ ಪುಟ್ಟ ಚಕ್ರವನ್ನೂ ಫ್ಲ್ಯಾಪಿನ ಹಿಡಿಕೆಗೆ ಬೆಣೆಯಾಕಾರದ ತುಂಡನ್ನೂ ಅಂಟಿಸಿದ. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಇಂಥದೇ 460 ಪ್ರಸಂಗಗಳನ್ನು ಸಂಗ್ರಹಿಸಿ, ‘ಪೈಲಟ್ಟಿನ ತಪ್ಪು’ ಎಂದು ಬರೆದು ಮುಚ್ಚಿಹಾಕುತ್ತಿದ್ದ ಎಷ್ಟೋ ಅವಘಡಗಳಿಗೆ ಕಾರಣ ಹಿಡಿಕೆಗಳ ಜೋಡಣೆಯಲ್ಲಿದೆಯೆಂದು ತೋರಿಸಿದರು. ತಪ್ಪು ಮಾಡಿದವನನ್ನು ದೂರುವ ಮೊದಲು ಅವನ ಕೈಗೆ ಏನನ್ನು ಕೊಟ್ಟಿದ್ದೆವು ಎಂದು ನೋಡುವ ಈ ಕ್ಷೇತ್ರದ ಮೂಲ ಗುಣ ಇಲ್ಲಿಂದಲೇ ಬಂದದ್ದು. ನಿಮ್ಮ ಮೊದಲ ಸಾಲಿನಲ್ಲಿ ಕುಳಿತವನು ತರಬೇತಿ ಪಡೆದ, ದಣಿದ, ಜೀವಭಯದಲ್ಲಿದ್ದ ಸೈನಿಕ ಎಂದು ಬರೆದುಕೊಳ್ಳಿ.

ಎರಡನೆಯ ಗುಂಪಿನಲ್ಲಿ ಮೂರು ನಾಲ್ಕು ಬರಹಗಳನ್ನು ಒಟ್ಟಿಗೆ ಓದಬೇಕು. 1945ರ ಜುಲೈ ತಿಂಗಳಿನಲ್ಲಿ ‘ಅಟ್ಲಾಂಟಿಕ್ ಮಂತ್ಲಿ’ ಪತ್ರಿಕೆಯಲ್ಲಿ ವನ್ನೆವರ್ ಬುಷ್ ಬರೆದ ಲೇಖನ, ಒಬ್ಬ ವಿದ್ವಾಂಸ ತನ್ನ ಎಲ್ಲ ಕಾಗದಪತ್ರಗಳನ್ನೂ ಒಂದು ಮೇಜಿನಲ್ಲಿಟ್ಟುಕೊಂಡು ಒಂದರಿಂದ ಇನ್ನೊಂದಕ್ಕೆ ಜಾಡು ಹಾಕಿಕೊಳ್ಳುವ ‘ಮೆಮೆಕ್ಸ್’ ಎಂಬ ಯಂತ್ರವನ್ನು ಕಲ್ಪಿಸುತ್ತದೆ. 1960ರಲ್ಲಿ ಲಿಕ್ಲೈಡರ್ ಮನುಷ್ಯ ಮತ್ತು ಕಂಪ್ಯೂಟರಿನ ಸಹಜೀವನದ ಬಗ್ಗೆ ಬರೆದ ಪ್ರಬಂಧದಲ್ಲಿ ತನ್ನ ಕೆಲಸದ ವೇಳೆಯನ್ನೇ ಲೆಕ್ಕವಿಟ್ಟು, ‘ಯೋಚನೆ’ಗೆಂದು ತಾನು ಕಳೆಯುವ ಹೊತ್ತಿನಲ್ಲಿ ಸುಮಾರು ಶೇ. 85ರಷ್ಟು ಯೋಚಿಸಲು ಅಣಿಯಾಗುವುದರಲ್ಲಿಯೇ, ಅಂದರೆ ಅಂಕಿಅಂಶಗಳನ್ನು ಹುಡುಕುವುದರಲ್ಲಿ, ನಕ್ಷೆ ಬರೆಯುವುದರಲ್ಲಿ ಹೋಗುತ್ತದೆಂದು ಹೇಳುತ್ತಾನೆ. 1963ರಲ್ಲಿ ಎಂಐಟಿಯ ವಿದ್ಯಾರ್ಥಿ ಐವನ್ ಸದರ್ಲೆಂಡ್ ಟಿಎಕ್ಸ್–2 ಯಂತ್ರದ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ನೇರವಾಗಿ ಚಿತ್ರ ಬರೆಯುವ ‘ಸ್ಕೆಚ್‌ಪ್ಯಾಡ್’ ಕಟ್ಟಿದ. ಈ ಬರಹಗಳಲ್ಲಿ ಯಂತ್ರದ ಮುಂದೆ ಕುಳಿತವನು ವಿಜ್ಞಾನಿ. ಇನ್ನೂ ಸ್ಪಷ್ಟವಾಗಿ ಹೇಳುವುದಾದರೆ, ಬರೆದವನೇ.

ನಾಲ್ಕನೆಯವನು ಡಗ್ಲಸ್ ಎಂಗೆಲ್‌ಬಾರ್ಟ್. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆತ ತೊಂಬತ್ತು ನಿಮಿಷ ನಡೆಸಿಕೊಟ್ಟ ಪ್ರದರ್ಶನದ ಚಲನಚಿತ್ರ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಎಲ್ಲರೂ ಅದನ್ನು ನೋಡುವುದು ಮೌಸಿಗಾಗಿ. ನೀವು ಆತನ ಎಡಗೈಯನ್ನು ನೋಡಿ. ಬಲಗೈಯಲ್ಲಿ ಮೌಸ್ ಇದ್ದರೆ ಎಡಗೈಯ ಕೆಳಗೆ ಐದು ಪಟ್ಟಿಗಳ ಪುಟ್ಟ ಕೀಲಿಮಣೆಯೊಂದಿದೆ. ಹಾರ್ಮೋನಿಯಂ ನುಡಿಸುವವರು ಒಟ್ಟಿಗೆ ಹಲವು ಮನೆಗಳನ್ನು ಒತ್ತುವಂತೆ ಅದರ ಪಟ್ಟಿಗಳನ್ನು ಬೇರೆ ಬೇರೆ ಜೋಡಿಗಳಲ್ಲಿ ಒತ್ತಿದರೆ ಬೇರೆ ಬೇರೆ ಅಕ್ಷರ ಮೂಡುತ್ತದೆ. ಎರಡೂ ಒಂದೇ ಪ್ರಯೋಗಶಾಲೆಯಲ್ಲಿ ಬೆಳೆದವು, ಒಂದೇ ಪ್ರದರ್ಶನದಲ್ಲಿ ಜನರ ಮುಂದೆ ಬಂದವು. ಮೌಸ್ ನಮ್ಮ ಮನೆಗಳವರೆಗೆ ಬಂದಿತು; ಆ ಕೀಲಿಮಣೆ ಬರಲಿಲ್ಲ. ಸಾಧನಗಳ ಪಟ್ಟಿಯಲ್ಲಿ ಇದಕ್ಕೆ ಕಾರಣ ಸಿಗುವುದಿಲ್ಲ, ನಿಮ್ಮ ಎರಡನೆಯ ಅಂಕಣದಲ್ಲಿ ಸಿಗುತ್ತದೆ. ಎಂಗೆಲ್‌ಬಾರ್ಟ್ ಮನಸ್ಸಿನಲ್ಲಿದ್ದ ಬಳಕೆದಾರ ವೀಣೆ ಕಲಿಯುವವನಂತೆ ಬಹುಕಾಲ ಅಭ್ಯಾಸ ಮಾಡಲು ಸಿದ್ಧನಾದವನು. ಮುಂದೆ ಝೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಶಾಲೆಯಲ್ಲಿ 1973ರಲ್ಲಿ ಆಲ್ಟೋ ಕಂಪ್ಯೂಟರನ್ನೂ, ಅದರ ಜಾಡಿನಲ್ಲಿ 1981ರಲ್ಲಿ ಅದೇ ಕಂಪನಿಯ ಇನ್ನೊಂದು ವಿಭಾಗದಿಂದ ಝೆರಾಕ್ಸ್ ಸ್ಟಾರ್ ಎಂಬ ಮಾರಾಟದ ಯಂತ್ರವನ್ನೂ ಹೊರತಂದವರ ಕಣ್ಣ ಮುಂದೆ ಇದ್ದವನು ಕಚೇರಿಯ ಉದ್ಯೋಗಿ. ಅವನಿಗೆ ಅಷ್ಟು ಪುರುಸೊತ್ತು ಇರಲಿಲ್ಲ.

ಎಂಗೆಲ್‌ಬಾರ್ಟ್ ತಂಡವೇ 1967ರಲ್ಲಿ ಪ್ರಕಟಿಸಿದ ಹೋಲಿಕೆಯ ಪ್ರಯೋಗವನ್ನೂ ತಪ್ಪದೆ ಓದಿ. ಮೌಸ್, ಬೆಳಕಿನ ಲೇಖನಿ, ಜಾಯ್‌ಸ್ಟಿಕ್, ಮೇಜಿನ ಕೆಳಗೆ ಮೊಣಕಾಲಿನಿಂದ ಆಡಿಸುವ ಒಂದು ಸಾಧನ ಮೊದಲಾದವನ್ನು ಅವರು ಒಟ್ಟಿಗೆ ಪರೀಕ್ಷಿಸಿದರು. ಅನುಭವಿಗಳ ಕೈಯಲ್ಲಿ ಮೌಸ್ ಗೆದ್ದಿತು, ಆದರೆ ಹೊಸಬರು ಬೆಳಕಿನ ಲೇಖನಿಯಿಂದಲೂ ಮೊಣಕಾಲಿನ ಸಾಧನದಿಂದಲೂ ಮೌಸಿಗಿಂತ ವೇಗವಾಗಿ ಕೆಲಸ ಮಾಡಿದರು. ಒಂದೇ ಪ್ರಯೋಗದಲ್ಲಿ ಎರಡು ಉತ್ತರಗಳು ಬಂದವು, ಕುಳಿತವರು ಬೇರೆಯಾಗಿದ್ದರಿಂದ.

ಕೈಯಾರೆ ಅಳೆದು ನೋಡುವುದು

ಮುಂದಿನ ಘಟ್ಟ ಮನಶ್ಶಾಸ್ತ್ರದ್ದು. ಇದನ್ನು ಬರೀ ಓದಿದರೆ ಒಣಗಿದ ಸೂತ್ರಗಳಂತೆ ಕಾಣುತ್ತದೆ. ಆದ್ದರಿಂದ ಒಂದು ಸಂಜೆಯನ್ನು ಇದಕ್ಕಾಗಿಯೇ ಮೀಸಲಿಡಿ. ಮೂರು ಎ–4 ಹಾಳೆಗಳನ್ನು ತೆಗೆದುಕೊಳ್ಳಿ. ಮೊದಲನೆಯದರಲ್ಲಿ 2 ಸೆಂಟಿಮೀಟರ್ ಅಗಲದ ಎರಡು ಉದ್ದಪಟ್ಟಿಗಳನ್ನು, ಅವುಗಳ ನಡುಗೆರೆಗಳ ಅಂತರ 8 ಸೆಂಟಿಮೀಟರ್ ಇರುವಂತೆ ಎಳೆಯಿರಿ. ಎರಡನೆಯದರಲ್ಲಿ ಅಗಲವನ್ನು 4ಕ್ಕೂ ಅಂತರವನ್ನು 16ಕ್ಕೂ ಏರಿಸಿ. ಮೂರನೆಯದರಲ್ಲಿ ಅಂತರ 16 ಇರಲಿ, ಅಗಲ ಮಾತ್ರ 1 ಸೆಂಟಿಮೀಟರ್ ಸಾಕು. ಮನೆಯವರೊಬ್ಬರ ಕೈಗೆ ಪೆನ್ನು ಕೊಟ್ಟು, ಪಟ್ಟಿಯಿಂದ ಆಚೆ ಹೋಗದಂತೆ ಎಡಕ್ಕೆ ಬಲಕ್ಕೆ ಹದಿನೈದು ಸೆಕೆಂಡು ಚುಕ್ಕೆ ಇಡಲು ಹೇಳಿ, ಚುಕ್ಕೆಗಳನ್ನು ಎಣಿಸಿ. ಮೊದಲೆರಡು ಹಾಳೆಗಳಲ್ಲಿ ಎಣಿಕೆ ಹತ್ತಿರ ಹತ್ತಿರ ಬರುತ್ತದೆ, ಕೈ ಎರಡರಷ್ಟು ದೂರ ಓಡಾಡಿದ್ದರೂ ಸಹ. ಮೂರನೆಯದರಲ್ಲಿ ಎಣಿಕೆ ಥಟ್ಟನೆ ಇಳಿಯುತ್ತದೆ. ದೂರವನ್ನು ಗುರಿಯ ಅಗಲದಿಂದ ಭಾಗಿಸಿದಾಗ ಬರುವ ಅನುಪಾತವೇ ಕೈಯ ವೇಗವನ್ನು ನಿರ್ಧರಿಸುತ್ತದೆ, ಆ ಅನುಪಾತ ಎರಡರಷ್ಟಾದಾಗಲೆಲ್ಲ ಸಮಯಕ್ಕೆ ಹೆಚ್ಚುಕಡಿಮೆ ಒಂದೇ ಮೊತ್ತ ಕೂಡುತ್ತದೆ ಎಂಬುದು 1954ರಲ್ಲಿ ಅದೇ ಪಾಲ್ ಫಿಟ್ಸ್ ಲೋಹದ ಎರಡು ಫಲಕಗಳ ನಡುವೆ ಕಡ್ಡಿಯಿಂದ ಕುಟ್ಟಿಸಿ ಕಂಡುಕೊಂಡ ನಿಯಮ. 1978ರಲ್ಲಿ ಪಾರ್ಕ್ ಪ್ರಯೋಗಶಾಲೆಯ ಸ್ಟುವರ್ಟ್ ಕಾರ್ಡ್ ಮತ್ತು ಸಂಗಡಿಗರು ಮೌಸಿನ ಚಲನೆಯೂ ಇದೇ ನಿಯಮಕ್ಕೆ ಒಳಪಡುತ್ತದೆ, ಅದರ ವೇಗ ಬರಿಗೈಯ ವೇಗಕ್ಕೆ ಬಹಳ ಹತ್ತಿರವಾಗಿದೆ ಎಂದು ತೋರಿಸಿದರು. ಇದಕ್ಕಿಂತ ಉತ್ತಮವಾದ ಸಾಧನಕ್ಕಾಗಿ ತಡಕಾಡಬೇಕಾದ ಅಗತ್ಯ ಹೆಚ್ಚೇನೂ ಇಲ್ಲವೆಂಬ ಧೈರ್ಯ ತಯಾರಕರಿಗೆ ಬಂದದ್ದು ಇಂಥ ಅಳತೆಗಳಿಂದ.

ಅದೇ ಕಾರ್ಡ್, ಥಾಮಸ್ ಮೊರಾನ್ ಮತ್ತು ಆ್ಯಲನ್ ನ್ಯೂವೆಲ್ ಅವರೊಂದಿಗೆ ಸೇರಿ, 1980ರಲ್ಲಿ ಕೀಲಿ ಒತ್ತುವಿಕೆಯ ಮಟ್ಟದ ಲೆಕ್ಕಾಚಾರವೊಂದನ್ನು ಮುಂದಿಟ್ಟ. ಸಾಧಾರಣ ಟೈಪಿಸ್ಟ್ ಒಂದು ಕೀಲಿ ಒತ್ತಲು 0.28 ಸೆಕೆಂಡು, ಮೌಸಿನಿಂದ ಗುರಿ ತೋರಲು 1.1, ಕೈಯನ್ನು ಕೀಲಿಮಣೆಯಿಂದ ಮೌಸಿಗೆ ಒಯ್ಯಲು 0.4, ಮುಂದೇನು ಎಂದು ಮನಸ್ಸು ಅಣಿಯಾಗಲು 1.35 ಸೆಕೆಂಡು ಎಂದು ಇಟ್ಟುಕೊಂಡು ಕೂಡಿಸಿದರೆ ಒಂದು ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಮೊದಲೇ ಹೇಳಬಹುದು. ಇದನ್ನು ಕನ್ನಡದ ಮೇಲೆ ಪ್ರಯೋಗಿಸಿ. ಕಿನ್ನಿಕಂಬಳ ಪದ್ಮನಾಭ ರಾವ್ ಅವರು, ಎಂದರೆ ನಾವೆಲ್ಲ ಕೆ.ಪಿ. ರಾವ್ ಎಂದು ಬಲ್ಲವರು, ರೂಪಿಸಿದ ವಿನ್ಯಾಸದ ಜಾಡಿನಲ್ಲಿ ಬಂದ ಕೀಲಿಮಣೆಯಲ್ಲಿ ‘ಕನ್ನಡ’ ಎಂದು ಬರೆಯಲು ಕ, ನ, ಹಲಂತ, ನ, ಡ ಎಂದು ಐದು ಒತ್ತುಗಳು ಸಾಕು. ಇಂಗ್ಲಿಷ್ ಅಕ್ಷರಗಳಿಂದ ಕನ್ನಡ ಮೂಡಿಸುವ, ಅಕಾರವನ್ನೂ ದೊಡ್ಡಕ್ಷರವನ್ನೂ ಕಡ್ಡಾಯವಾಗಿ ಕೇಳುವ ಲಿಪ್ಯಂತರದಲ್ಲಿ (kannaDa) ಅದೇ ಪದಕ್ಕೆ ಏಳು ಅಕ್ಷರ, ಜೊತೆಗೆ ಒಂದು ಶಿಫ್ಟ್, ಒಟ್ಟು ಎಂಟು. ಒಂದು ಒತ್ತಿಗೆ 0.28 ಸೆಕೆಂಡಿನಂತೆ ಮೊದಲನೆಯದು 1.4 ಸೆಕೆಂಡು, ಎರಡನೆಯದು 2.24 ಸೆಕೆಂಡು.

ಇಲ್ಲಿಗೆ ನಿಂತರೆ ವಾದ ಮುಗಿದಂತೆ ಕಾಣುತ್ತದೆ, ನಿಲ್ಲಬೇಡಿ. ಕೀಲಿಮಣೆಯ ಪರಿಚಯವೇ ಇಲ್ಲದವನಿಗೆ ಅದೇ ಪ್ರಬಂಧ ಕೊಡುವ ಅಂಕಿ ಒಂದು ಒತ್ತಿಗೆ 1.2 ಸೆಕೆಂಡು. ಇಂಗ್ಲಿಷ್ ಕೀಲಿಮಣೆಯಲ್ಲಿ ಬೆರಳು ಪಳಗಿದ, ಆದರೆ ಕನ್ನಡದ ವಿನ್ಯಾಸ ಕಲಿಯದ ಯುವಕನೊಬ್ಬ ಕುಳಿತರೆ ಅವನಿಗೆ ಎಂಟು ಒತ್ತುಗಳಿಗೆ 2.24 ಸೆಕೆಂಡು, ಐದು ಒತ್ತುಗಳಿಗೆ 6 ಸೆಕೆಂಡು, ಲೆಕ್ಕ ತಲೆಕೆಳಗಾಯಿತು. ಇಂಗ್ಲಿಷಿನ ಕಾಗುಣಿತವೇ ಬಾರದ, ಕನ್ನಡ ಶಾಲೆಯಲ್ಲಿ ಓದಿದ ಗೃಹಿಣಿಯೊಬ್ಬರು ಕುಳಿತರೆ ಮತ್ತೆ ಮಗುಚುತ್ತದೆ. ಈ ಮಾದರಿ ತಪ್ಪಿಲ್ಲದೆ ಕೆಲಸ ಮಾಡುವ ನುರಿತವರಿಗೆಂದು ಹುಟ್ಟಿದ್ದು, ಅದನ್ನು ಅದರ ಕರ್ತೃಗಳೇ ಸ್ಪಷ್ಟವಾಗಿ ಬರೆದಿದ್ದಾರೆ. ಅದರ ಶಕ್ತಿಯನ್ನು ಕಾಣಬೇಕಾದರೆ 1993ರಲ್ಲಿ ವೇಯ್ನ್ ಗ್ರೇ, ಬಾನಿ ಜಾನ್ ಮತ್ತು ಮೈಕೆಲ್ ಆ್ಯಟ್‌ವುಡ್ ಬರೆದ ‘ಪ್ರಾಜೆಕ್ಟ್ ಅರ್ನೆಸ್ಟೀನ್’ ಪ್ರಬಂಧವನ್ನು ಓದಿ. ನ್ಯೂಯಾರ್ಕ್ ಪ್ರದೇಶದ ಟೆಲಿಫೋನ್ ಕಂಪನಿಯೊಂದು ತನ್ನ ಆಪರೇಟರುಗಳಿಗೆ ಕೊಡಲಿದ್ದ ಹೊಸ ಯಂತ್ರ ಕೆಲಸವನ್ನು ಚುರುಕುಗೊಳಿಸುತ್ತದೆಂದು ಎಲ್ಲರೂ ನಂಬಿದ್ದರು. ಈ ಬಗೆಯ ಲೆಕ್ಕಾಚಾರ ಮಾತ್ರ ಅದು ಸುಮಾರು ಶೇ. 3ರಷ್ಟು ನಿಧಾನವಾಗುತ್ತದೆಂದು ಹೇಳಿತು, ಮತ್ತು ನಿಜವಾದ ಬಳಕೆಯಲ್ಲಿ ಅದು ನಿಧಾನವೇ ಆಯಿತು. ದಿನವಿಡೀ ಒಂದೇ ಕೆಲಸವನ್ನು ಮಾಡುವ ನುರಿತ ಕೈಗಳು ಅಲ್ಲಿದ್ದವು. ಆದ್ದರಿಂದಲೇ ಲೆಕ್ಕ ಕೈಹಿಡಿಯಿತು.

ಪ್ರಬಂಧವನ್ನು ಎಲ್ಲಿಂದ ಓದಬೇಕು

1982ರ ಮಾರ್ಚಿನಲ್ಲಿ ಅಮೆರಿಕದ ಗೇಯ್ಥರ್ಸ್‌ಬರ್ಗ್‌ನಲ್ಲಿ ನಡೆದ ಸಮ್ಮೇಳನ ಮತ್ತು 1983ರಿಂದ ಅದರ ಮುಂದುವರಿಕೆಯಾಗಿ ನಡೆದು ಬಂದಿರುವ ವಾರ್ಷಿಕ ಸಮ್ಮೇಳನ ಈ ಕ್ಷೇತ್ರದ ಮುಖ್ಯ ದಾಖಲೆಗಳ ಕಣಜ. ಆ ಸಮ್ಮೇಳನದ ಹೆಸರನ್ನು ಇಂಗ್ಲಿಷಿನಲ್ಲಿ ಮೂರಕ್ಷರಗಳಲ್ಲಿ ಬರೆದರೂ ಉಚ್ಚರಿಸುವುದು ‘ಕೈ’ ಎಂದು. ಕನ್ನಡದ ಕಿವಿಗೆ ಇದಕ್ಕಿಂತ ತಕ್ಕ ಹೆಸರು ಸಿಗಲಾರದು. ಅದನ್ನು ನಡೆಸುವ ಎಸಿಎಂ ಸಂಸ್ಥೆ 1951ರಿಂದ 2000ದವರೆಗಿನ ತನ್ನ ಎಲ್ಲ ಪ್ರಬಂಧಗಳನ್ನೂ 2022ರಲ್ಲಿ ಉಚಿತವಾಗಿ ತೆರೆದಿಟ್ಟಿತು. ಹೀಗಾಗಿ ಚರಿತ್ರೆಯ ಮೊದಲ ಭಾಗವನ್ನು ಓದಲು ದೊಡ್ಡ ವಿಶ್ವವಿದ್ಯಾಲಯದ ಗ್ರಂಥಾಲಯದ ಹಂಗು ಬೇಕಿಲ್ಲ, ಮೊಬೈಲಿನಲ್ಲಿಯೂ ತೆರೆಯಬಹುದು. ಆಮೇಲಿನ ಪ್ರಬಂಧಗಳನ್ನು ಎಷ್ಟೋ ಲೇಖಕರು ತಮ್ಮ ಜಾಲತಾಣಗಳಲ್ಲಿ ಇಟ್ಟಿರುತ್ತಾರೆ.

ಪ್ರಬಂಧವನ್ನು ಕೈಗೆತ್ತಿಕೊಂಡಾಗ ಪೀಠಿಕೆಯಿಂದ ಆರಂಭಿಸಬೇಡಿ. ಪೀಠಿಕೆಯಲ್ಲಿ ಎಲ್ಲರೂ ‘ಬಳಕೆದಾರರು’ ಎಂಬ ಒಂದೇ ಪದವನ್ನು ಬಳಸುತ್ತಾರೆ, ಆ ಪದದೊಳಗೆ ಯಾರು ಬೇಕಾದರೂ ಅಡಗಬಹುದು. ನೇರವಾಗಿ ವಿಧಾನದ ಭಾಗಕ್ಕೆ ಹೋಗಿ, ಎಷ್ಟು ಜನ, ಯಾವ ವಯಸ್ಸು, ಯಾವ ಊರು, ಯಾವ ಭಾಷೆ, ಎಷ್ಟು ಹೊತ್ತು ಎಂಬ ಐದು ಸಂಗತಿಗಳನ್ನು ಗುರುತು ಹಾಕಿ. 2016ರಲ್ಲಿ ಕೆಲ್ಲಿ ಕೇಯ್ನ್ ಕೈ ಸಮ್ಮೇಳನದ ಪ್ರಬಂಧಗಳನ್ನು ಪರಿಶೀಲಿಸಿದಾಗ ಅತಿ ಹೆಚ್ಚು ಸಲ ಕಾಣಿಸಿದ ಭಾಗಿಗಳ ಸಂಖ್ಯೆ 12. ಹನ್ನೆರಡು ಜನರಿಂದ ಒಳ್ಳೆಯ ಸಂಗತಿಗಳನ್ನು ಕಲಿಯಲು ಸಾಧ್ಯವಿದೆ, ಆದರೆ ಆ ಹನ್ನೆರಡು ಜನ ಯಾರೆಂದು ತಿಳಿಯದೆ ಅದನ್ನು ಇನ್ನೊಂದು ನಾಡಿಗೆ ಒಯ್ಯಲು ಬರುವುದಿಲ್ಲ. 2021ರಲ್ಲಿ ಸೆಬಾಸ್ಟಿಯನ್ ಲಿಂಕ್ಸನ್ ಮತ್ತು ಸಂಗಡಿಗರು ಅದೇ ಸಮ್ಮೇಳನದ 2016ರಿಂದ 2020ರವರೆಗಿನ ಪ್ರಬಂಧಗಳನ್ನು ಎಣಿಸಿ, ಅಧ್ಯಯನಗಳ ಶೇ. 73ರಷ್ಟು ಫಲಿತಾಂಶಗಳು ಪಾಶ್ಚಾತ್ಯ ದೇಶಗಳ ಜನರನ್ನು ಆಧರಿಸಿವೆ, ಆ ಜನರು ಲೋಕದ ಜನಸಂಖ್ಯೆಯಲ್ಲಿ ಶೇ. 12ಕ್ಕಿಂತ ಕಡಿಮೆ ಎಂದು ತೋರಿಸಿದರು. ಈ ಎರಡು ಅಂಕಿಗಳನ್ನು ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಈ ಕಾಲದ ಪ್ರಬಂಧಗಳಲ್ಲಿ ಒಂದನ್ನೇ ಓದಲು ಸಾಧ್ಯವೆನ್ನುವವರಿಗೆ 1985ರಲ್ಲಿ ಐಬಿಎಂನ ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ ಬರೆದದ್ದನ್ನು ಸೂಚಿಸುತ್ತೇನೆ. ಬಳಸುವವರನ್ನೂ ಅವರ ಕೆಲಸವನ್ನೂ ಆರಂಭದಲ್ಲಿಯೇ ನೋಡಿ, ಮಾಡಿದ್ದನ್ನು ಅವರ ಕೈಗೆ ಕೊಟ್ಟು ಅಳೆಯಿರಿ, ಸರಿಪಡಿಸಿ ಮತ್ತೆ ಅಳೆಯಿರಿ ಎಂಬ ಅದರ ಮೂರು ಮಾತುಗಳು ಇಂದು ಎಲ್ಲರ ಬಾಯಲ್ಲಿವೆ. ಅಂದು ವಿನ್ಯಾಸಕಾರರನ್ನು ಕೇಳಿದಾಗ ಬಹುಪಾಲು ಜನರಿಗೆ ಆ ಮೂರೂ ಒಟ್ಟಿಗೆ ಹೊಳೆದಿರಲಿಲ್ಲವೆಂಬುದನ್ನೂ ಆ ಪ್ರಬಂಧ ದಾಖಲಿಸುತ್ತದೆ.

ಹಸಿರು ಗುಂಡಿಯ ಪ್ರಸಂಗ

ಈ ಚರಿತ್ರೆಯ ದೊಡ್ಡ ತಿರುವು ಒಂದು ಜೆರಾಕ್ಸ್ ಯಂತ್ರದ ಮುಂದೆ ನಡೆಯಿತು. ಹಸಿರು ಗುಂಡಿಯನ್ನು ಒತ್ತಿದರೆ ಸಾಕು ಎಂಬ ಜಾಹೀರಾತಿನೊಂದಿಗೆ ಬಂದಿದ್ದ ಯಂತ್ರದ ಮುಂದೆ ಪಾರ್ಕ್ ಪ್ರಯೋಗಶಾಲೆಯ ಮಾನವಶಾಸ್ತ್ರಜ್ಞೆ ಲೂಸಿ ಸುಚ್‌ಮನ್ ಇಬ್ಬರನ್ನು ನಿಲ್ಲಿಸಿ, ಹಾಳೆಯ ಎರಡೂ ಬದಿಗೆ ಪ್ರತಿ ತೆಗೆಯಲು ಹೇಳಿ ಚಿತ್ರೀಕರಿಸಿದರು. ಅವರಿಬ್ಬರೂ ತಿಣುಕಾಡಿದರು. ಅವರಲ್ಲಿ ಒಬ್ಬರು ಭಾಷಾವಿಜ್ಞಾನಿ ರಾನ್ ಕಪ್ಲಾನ್, ಇನ್ನೊಬ್ಬರು ಆ್ಯಲನ್ ನ್ಯೂವೆಲ್, ಅಂದರೆ ಮೇಲೆ ಹೇಳಿದ ಲೆಕ್ಕಾಚಾರದ ಕರ್ತೃಗಳಲ್ಲಿ ಒಬ್ಬರು. 1987ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸುಚ್‌ಮನ್ ತೋರಿಸಿದ್ದು ಇದನ್ನು: ಮನುಷ್ಯ ಮೊದಲೇ ಹಾಕಿಕೊಂಡ ಯೋಜನೆಯ ಪ್ರಕಾರ ಹೆಜ್ಜೆಯಿಡುತ್ತಾನೆಂದು ಯಂತ್ರ ನಂಬಿರುತ್ತದೆ, ಆದರೆ ಆತ ನಡೆಯುವುದು ಎದುರಿಗಿರುವ ಸನ್ನಿವೇಶವನ್ನು ನೋಡಿಕೊಂಡು, ಎಲ್ಲಿ ದಾರಿ ತಪ್ಪಿತೆಂದು ಪಕ್ಕದಲ್ಲಿ ನಿಂತವರಿಗೆ ತಕ್ಷಣ ಕಾಣುತ್ತದೆ, ಯಂತ್ರಕ್ಕೆ ಕಾಣುವುದಿಲ್ಲ. ಇಲ್ಲಿಂದ ಮುಂದೆ ಮಾನವಶಾಸ್ತ್ರ ಮತ್ತು ಸಮಾಜಶಾಸ್ತ್ರಗಳು ಈ ಕ್ಷೇತ್ರಕ್ಕೆ ಹೊಕ್ಕವು. ನಿಮ್ಮ ನಾಲ್ಕನೆಯ ಅಂಕಣದಲ್ಲಿ ಸೆಕೆಂಡುಗಳ ಪಕ್ಕದಲ್ಲಿ ಮಾತು, ನೋಟ, ಹಿಂಜರಿಕೆಗಳು ಬರತೊಡಗುತ್ತವೆ.

ಈ ವಿಧಾನವನ್ನೂ ಮಾಡಿ ನೋಡಬೇಕು, ಅದರಲ್ಲಿಯೂ ನಮ್ಮ ನಾಡಿನಲ್ಲಿ. ಒಬ್ಬರನ್ನೇ ಕೂರಿಸಿ ‘ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಾ ಹೋಗಿ’ ಎನ್ನುವುದು ಎಲ್ಲರೂ ಬಳಸುವ ಕ್ರಮ. ಆದರೆ ಕಾಲೇಜಿನಿಂದ ಬಂದವರ ಮುಂದೆ ಕುಳಿತ ಹಿರಿಯರೊಬ್ಬರು ಬಹಳ ಸಲ ಸುಮ್ಮನಿರುತ್ತಾರೆ, ಇಲ್ಲವೇ ‘ಚೆನ್ನಾಗಿದೆ ಸಾರ್, ನನಗೇ ಗೊತ್ತಾಗ್ಲಿಲ್ಲ’ ಎಂದು ತಪ್ಪನ್ನು ತಮ್ಮ ಮೇಲೆ ಎಳೆದುಕೊಳ್ಳುತ್ತಾರೆ. ಅದಕ್ಕಾಗಿ ಸುಚ್‌ಮನ್ ಮಾಡಿದಂತೆ ಪರಸ್ಪರ ಸಲುಗೆಯಿರುವ ಇಬ್ಬರನ್ನು ಒಟ್ಟಿಗೆ ಕೂರಿಸಿ. ಅಕ್ಕತಂಗಿಯರು, ಗೆಳತಿಯರು, ಅಂಗಡಿಯ ಪಾಲುದಾರರು, ಯಾರಾದರೂ ಆಗಬಹುದು. ಫೋನಿನಲ್ಲಿ ಬೆಳೆವಿಮೆಯ ಅರ್ಜಿಯನ್ನು ತುಂಬುವಂಥ ನಿಜವಾದ ಒಂದು ಕೆಲಸವನ್ನು ಕೊಟ್ಟು, ಒಪ್ಪಿಗೆ ಕೇಳಿ ಚಿತ್ರೀಕರಿಸಿ, ನೀವು ಹಿಂದೆ ಸರಿದು ಕುಳಿತುಕೊಳ್ಳಿ. ‘ಅದಲ್ಲ ಕಣೇ, ಅಲ್ಲಿ ಒತ್ತು’, ‘ಇದೇನೋ ಕೇಳ್ತಿದೆ ನೋಡು’ ಎಂದು ಅವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತುಗಳೇ ನಿಮ್ಮ ದತ್ತಾಂಶ. ಆಮೇಲೆ ಹತ್ತು ನಿಮಿಷದ ಚಿತ್ರವನ್ನು ಪದಪದವಾಗಿ ಬರೆದುಕೊಳ್ಳಿ, ಪಕ್ಕದಲ್ಲಿ ಅದೇ ಕ್ಷಣದಲ್ಲಿ ಪರದೆಯ ಮೇಲೆ ಏನಿತ್ತು ಎಂದೂ ಬರೆಯಿರಿ. ಈ ಕೆಲಸ ಒಂದು ಇಡೀ ದಿನವನ್ನು ತಿನ್ನುತ್ತದೆ. ಆದರೂ ಬಿಡಬೇಡಿ, ಹತ್ತು ಪ್ರಬಂಧಗಳನ್ನು ಓದಿದರೂ ಸಿಗದ ತಿಳಿವಳಿಕೆ ಇದರಿಂದ ಸಿಗುತ್ತದೆ.

ಇದೇ ಹೊತ್ತಿನ ಇನ್ನೆರಡು ಧಾರೆಗಳನ್ನು ಬೇಗನೆ ದಾಟಬಹುದು. ಸ್ಕ್ಯಾಂಡಿನೇವಿಯಾದ ಕಾರ್ಮಿಕ ಸಂಘಗಳ ಜೊತೆ ಬೆಳೆದ ಸಹಭಾಗಿ ವಿನ್ಯಾಸದಲ್ಲಿ, ವಿಶೇಷವಾಗಿ 1981ರಿಂದ ನಡೆದ ಯುಟೋಪಿಯಾ ಯೋಜನೆಯಲ್ಲಿ, ಪತ್ರಿಕಾ ಮುದ್ರಣದ ಕಾರ್ಮಿಕರೇ ರಟ್ಟಿನ ಮಾದರಿಗಳನ್ನು ಮುಂದಿಟ್ಟುಕೊಂಡು ತಮಗೆ ಬೇಕಾದ ಕಂಪ್ಯೂಟರನ್ನು ರೂಪಿಸಲು ಕೂತರು. 1986ರಿಂದ ಗುಂಪುಕೆಲಸದ ಅಧ್ಯಯನಕ್ಕೆ ಬೇರೆಯೇ ಸಮ್ಮೇಳನ ಆರಂಭವಾಯಿತು. 1988ರಲ್ಲಿ ಜೊನಾಥನ್ ಗ್ರುಡಿನ್ ಅಲ್ಲಿ ಹೇಳಿದ ಒಂದು ಮಾತನ್ನು, ಅಂದರೆ ದುಡಿಮೆ ಒಬ್ಬರದು ಲಾಭ ಇನ್ನೊಬ್ಬರದು ಆದಾಗ ಗುಂಪಿನ ತಂತ್ರಾಂಶ ಸೋಲುತ್ತದೆ ಎಂಬುದನ್ನು, ಹಾಜರಾತಿ ದಾಖಲಿಸುವ ಯಾವ ಆ್ಯಪಿನ ಮೇಲೂ ಪರೀಕ್ಷಿಸಬಹುದು.

ಬೆಂಗಳೂರಿನಲ್ಲಿ ಬರೆದ ಸಾಲುಗಳು

ಕನ್ನಡದ ಓದುಗರು ಮರೆಯಬಾರದ ಘಟ್ಟವೊಂದು ನಮ್ಮದೇ ಊರಿನಲ್ಲಿದೆ. 2005ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಕೆಂಟಾರೋ ಟೊಯಾಮಾ ನೇತೃತ್ವದ ತಂಡ ಬಡವರ ಮತ್ತು ಗ್ರಾಮೀಣರ ನಡುವೆ ತಂತ್ರಜ್ಞಾನದ ಬಳಕೆಯನ್ನು ಅಧ್ಯಯನ ಮಾಡತೊಡಗಿತು. ಅಲ್ಲಿನ ಇಂದ್ರಾಣಿ ಮೇಧಿ, ಬೆಂಗಳೂರಿನ ಕೊಳೆಗೇರಿಗಳಲ್ಲಿ ವಾಸಿಸುವ ಮನೆಗೆಲಸದ ಮಹಿಳೆಯರೊಂದಿಗೆ ತಿಂಗಳುಗಟ್ಟಲೆ ಕುಳಿತು, ಅಕ್ಷರವೇ ಇಲ್ಲದ ಪರದೆಯೊಂದನ್ನು ರೂಪಿಸಿದರು. ಮನೆಗೆಲಸ ಹುಡುಕಿಕೊಳ್ಳುವುದು ಅದರ ಉದ್ದೇಶ. 2006 ಮತ್ತು 2007ರಲ್ಲಿ ಪ್ರಕಟವಾದ ಈ ಕೆಲಸವನ್ನು ಓದುವಾಗ ಒಂದು ಸಂಗತಿಯನ್ನು ಗಮನಿಸಿ. ಅಕ್ಷರ ತೆಗೆದು ಚಿತ್ರ ಮತ್ತು ಧ್ವನಿಯನ್ನು ಇಟ್ಟ ಮಾತ್ರಕ್ಕೆ ತೊಡಕು ಬಗೆಹರಿಯಲಿಲ್ಲ. ಈ ಪೆಟ್ಟಿಗೆಯೊಳಗೆ ಕೆಲಸದ ಸುದ್ದಿ ಹೇಗೆ ಬಂದು ಸೇರಿತು ಎಂಬುದೇ ಆ ಮಹಿಳೆಯರಿಗೆ ಒಗಟಾಗಿತ್ತು. ಕೆಲಸ ಕೊಡುವವರು ಯಾರು, ಅವರ ಮಾತು ಯಂತ್ರಕ್ಕೆ ಹೇಗೆ ತಲುಪುತ್ತದೆ, ತಮಗೆ ಹೇಗೆ ಸಿಗುತ್ತದೆ ಎಂಬುದನ್ನು ಒಂದು ಪುಟ್ಟ ನಾಟಕದಂತೆ ತೋರಿಸುವ ವಿಡಿಯೋವನ್ನು ಮೊದಲಿಗೆ ಸೇರಿಸಿದಾಗ ಬಳಕೆ ಸುಧಾರಿಸಿತು. ಓದು ಬರುವ ಬಳಕೆದಾರನ ಮೇಲೆ ಎಷ್ಟು ಪ್ರಯೋಗಗಳನ್ನು ಮಾಡಿದರೂ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಅದೇ ಪ್ರಯೋಗಶಾಲೆಯ ಇನ್ನೊಂದು ಕೆಲಸ ಹಳ್ಳಿಶಾಲೆಗಳಿಂದ ಹುಟ್ಟಿತು. ಒಂದು ಕಂಪ್ಯೂಟರಿನ ಸುತ್ತ ಐದಾರು ಮಕ್ಕಳು ಸೇರಿದರೆ ಮೌಸ್ ಒಬ್ಬನ ಕೈಯಲ್ಲಿಯೇ ಉಳಿಯುವುದನ್ನು ಕಂಡ ಸಂಶೋಧಕರು, ಒಂದೇ ಕಂಪ್ಯೂಟರಿಗೆ ಹಲವು ಮೌಸ್‌ಗಳನ್ನು ಜೋಡಿಸಿ ಪ್ರತಿ ಮಗುವಿಗೂ ಬೇರೆ ಬಣ್ಣದ ಬಾಣವನ್ನು ಕೊಟ್ಟರು. ‘ಒಬ್ಬರಿಗೊಂದು ಕಂಪ್ಯೂಟರ್’ ಎಂದು ಸ್ಟಾರ್ ಕಾಲದಿಂದ ಹೆಚ್ಚಿನವರು ಪ್ರಶ್ನಿಸದೆ ಬಂದಿದ್ದ ನಂಬಿಕೆ ಇಲ್ಲಿ ಬಯಲಾಗುತ್ತದೆ.

ಫೋನಿನ ಕನ್ನಡ ಕೀಲಿಮಣೆಯನ್ನೂ ಇದೇ ಗುಂಪಿಗೆ ಸೇರಿಸಿ. 2006ರಲ್ಲಿ ಪೆಕ್ಕಾ ಪರ್ಹಿ ಮತ್ತು ಸಂಗಡಿಗರು ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತುವ ಗುರಿ ಸುಮಾರು 9.2 ಮಿಲಿಮೀಟರ್ ಇರಬೇಕೆಂದು ಕಂಡುಕೊಂಡರು. ನಿಮ್ಮ ಫೋನಿನ ಕನ್ನಡ ಕೀಲಿಮಣೆಯ ಒಂದು ಮನೆಯನ್ನು ಅಳತೆಪಟ್ಟಿಯಿಂದ ಅಳೆದು ನೋಡಿ, ಅಕ್ಷರಗಳು ಹೆಚ್ಚಾದಂತೆ ಮನೆಗಳು ಎಷ್ಟು ಕಿರಿದಾಗಿವೆಯೆಂದು ತಿಳಿಯುತ್ತದೆ. ಐಐಟಿ ಬಾಂಬೆಯಲ್ಲಿ ಅನಿರುದ್ಧ ಜೋಶಿಯವರ ತಂಡ ರೂಪಿಸಿದ ‘ಸ್ವರಚಕ್ರ’ ಈ ತೊಡಕಿಗೆ ಭಾರತೀಯ ಲಿಪಿಗಳ ಒಳಗಿನಿಂದಲೇ ಉತ್ತರ ಹುಡುಕಿತು: ವ್ಯಂಜನವನ್ನು ಮುಟ್ಟಿದ ಕೂಡಲೇ ಅದರ ಕಾಗುಣಿತ ಬೆರಳಿನ ಸುತ್ತ ಚಕ್ರದಂತೆ ತೆರೆಯುತ್ತದೆ, ಬೇಕಾದ ಸ್ವರದ ಕಡೆಗೆ ಬೆರಳನ್ನು ಜಾರಿಸಿದರೆ ಸಾಕು. ಫಿಟ್ಸ್ ನಿಯಮವನ್ನು ಹಾಳೆಯ ಮೇಲೆ ಮಾಡಿ ನೋಡಿದವರಿಗೆ ಇದರ ಜಾಣ್ಮೆ ಕೂಡಲೇ ಅರ್ಥವಾಗುತ್ತದೆ. ಗುರಿ ಬೆರಳಿನ ಹತ್ತಿರಕ್ಕೇ ಬಂದಿದೆ, ಅಗಲವೂ ಆಗಿದೆ.

ಈಗಿನ ಒಲವುಗಳನ್ನು ಗುರುತಿಸುವುದು

ಒಲವುಗಳ ಬಗ್ಗೆ ಇತರರು ಬರೆದ ಪಟ್ಟಿಗಳನ್ನು ಓದುವುದಕ್ಕಿಂತ ನೀವೇ ಒಂದು ಎಣಿಕೆ ಮಾಡಿಕೊಳ್ಳಿ. ಕೈ ಸಮ್ಮೇಳನದ 1983, 1993, 2003, 2013 ಮತ್ತು 2023ರ ಸಂಪುಟಗಳ ಪರಿವಿಡಿಗಳನ್ನು ಮಾತ್ರ ತೆರೆದು, ಶೀರ್ಷಿಕೆಗಳಲ್ಲಿ ಮನುಷ್ಯನನ್ನು ಸೂಚಿಸುವ ಪದಗಳನ್ನು ಬರೆದುಕೊಳ್ಳುತ್ತಾ ಹೋಗಿ. ಆರಂಭದಲ್ಲಿ ಹೊಸಬ, ಪರಿಣತ, ಪ್ರೋಗ್ರಾಮರ್ ಇಂಥವು ಸಿಗುತ್ತವೆ. ಬರಬರುತ್ತಾ ಮಕ್ಕಳು, ವೃದ್ಧರು, ದೃಷ್ಟಿಹೀನರು, ರೋಗಿಗಳು, ಆರೈಕೆ ಮಾಡುವವರು, ವಲಸಿಗರು ಎಂದು ಪಟ್ಟಿ ಹಿಗ್ಗುತ್ತದೆ. ಡೆನ್ಮಾರ್ಕಿನ ಸೂಸನ್ ಬೋಡ್ಕರ್ 2006ರಲ್ಲಿ ಈ ಬೆಳವಣಿಗೆಯನ್ನು ಮೂರು ಅಲೆಗಳೆಂದು ವಿವರಿಸಿದರು: ಮೊದಲು ಪ್ರಯೋಗಶಾಲೆಯ ಒಂಟಿ ಮನುಷ್ಯ, ಆಮೇಲೆ ಕೆಲಸದ ಜಾಗದ ಗುಂಪು, ಆಮೇಲೆ ಮನೆ, ಭಾವನೆ, ಸಂಸ್ಕೃತಿ. ಈ ವಿಂಗಡಣೆ ಉಪಯುಕ್ತ, ಆದರೆ ಒಂದು ಅಲೆ ಬಂದೊಡನೆ ಹಿಂದಿನದು ಸತ್ತಿತೆಂದು ತಿಳಿಯಬಾರದು. ಫಿಟ್ಸ್ ನಿಯಮದ ಮೇಲೆ ಇಂದಿಗೂ ಪ್ರಬಂಧಗಳು ಬರುತ್ತಿವೆ.

ಈಗ ಎಲ್ಲೆಲ್ಲೂ ಕೇಳುವುದು ಕೃತಕ ಬುದ್ಧಿಮತ್ತೆಯ ಮಾತು. ಇದನ್ನು ಹೊಚ್ಚಹೊಸದೆಂದು ತಿಳಿದು ಓದಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. 1966ರಲ್ಲಿ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ‘ಎಲಿಜಾ’ ಎಂಬ ಸಂಭಾಷಣೆಯ ಪ್ರೋಗ್ರಾಂ ಬಗ್ಗೆ ಬರೆದಾಗ, ಅದರ ಒಳಗೆ ತಿಳಿವಳಿಕೆ ಎಂಬುದೇನೂ ಇರಲಿಲ್ಲ. ಆದರೂ ಅದು ಬರಿಯ ಯಂತ್ರವೆಂದು ಬಲ್ಲ ಆತನ ಕಾರ್ಯದರ್ಶಿಯೇ ಅದರೊಂದಿಗೆ ಮಾತಾಡುವಾಗ ಆತನನ್ನು ಕೋಣೆಯಿಂದ ಹೊರಗೆ ಹೋಗಲು ಕೇಳಿಕೊಂಡಳು. 1997ರಲ್ಲಿ ಬೆನ್ ಶ್ನೈಡರ್‌ಮನ್ ಮತ್ತು ಪ್ಯಾಟಿ ಮೇಸ್ ಬಹಿರಂಗವಾಗಿ ವಾದಿಸಿದರು. ಕೆಲಸ ಬಳಕೆದಾರನ ಕಣ್ಣ ಮುಂದೆ, ಅವನ ಕೈಯಿಂದಲೇ ನಡೆಯಬೇಕೆಂದು ಶ್ನೈಡರ್‌ಮನ್ ಹೇಳಿದರೆ, ಅವನ ಪರವಾಗಿ ಕೆಲಸ ಮಾಡುವ ತಂತ್ರಾಂಶ ಬೇಕೆಂದು ಮೇಸ್ ಹೇಳಿದರು. ಇಂದಿನ ಚರ್ಚೆಯ ಬೀಜ ಅಲ್ಲಿದೆ; ಆ ವಾದವನ್ನು ಮೊದಲು ಓದಿ, ಆಮೇಲೆ 2019ರಲ್ಲಿ ಸಲೀಮಾ ಅಮರ್ಶಿ ಮತ್ತು ಸಂಗಡಿಗರು ಕೃತಕ ಬುದ್ಧಿಮತ್ತೆಯ ವ್ಯವಸ್ಥೆಗಳಿಗೆ ಕೊಟ್ಟ 18 ಮಾರ್ಗಸೂತ್ರಗಳಿಗೆ ಬನ್ನಿ. ತಪ್ಪಾದಾಗ ಸುಲಭವಾಗಿ ತಿದ್ದಲು ಬರಬೇಕು, ತಾನೇನು ಮಾಡಬಲ್ಲೆನೆಂದು ವ್ಯವಸ್ಥೆ ಮೊದಲೇ ಹೇಳಬೇಕು ಎಂಬ ಅದರ ಮಾತುಗಳಲ್ಲಿ ಬಿ–17ರ ಹಿಡಿಕೆಗಳ ನೆನಪು ಬಂದರೆ ನಿಮ್ಮ ಓದು ಸರಿಯಾದ ದಾರಿಯಲ್ಲಿದೆ.

ಕೊನೆಯದಾಗಿ ಒಂದು ಪ್ರಯೋಗವನ್ನು ಮಾಡಿ, ಅದನ್ನೇ ನೋಟ್‌ಬುಕ್ಕಿನ ಮುಂದಿನ ಸಾಲಾಗಿ ಬರೆಯಿರಿ. 1983ರಲ್ಲಿ ಗೌಲ್ಡ್ ಮತ್ತು ಸಂಗಡಿಗರು ಮಾತನ್ನು ಕೇಳಿ ಬರೆಯುವ ಯಂತ್ರ ಇನ್ನೂ ಹುಟ್ಟದಿದ್ದಾಗ, ಪಕ್ಕದ ಕೋಣೆಯಲ್ಲಿ ಟೈಪಿಸ್ಟ್ ಒಬ್ಬರನ್ನು ಕೂರಿಸಿ ಅಂಥ ಯಂತ್ರವಿದ್ದರೆ ಜನ ಹೇಗೆ ಬಳಸುತ್ತಾರೆಂದು ಪರೀಕ್ಷಿಸಿದ್ದರು. ನೀವೂ ಹಾಗೆಯೇ ಕನ್ನಡದಲ್ಲಿ ಮಾತಾಡುವ ಸಹಾಯಕವೊಂದನ್ನು ನಟಿಸಿ: ಒಬ್ಬ ಗೆಳೆಯ ಒಳಕೋಣೆಯಲ್ಲಿ ಕುಳಿತು ಉತ್ತರಗಳನ್ನು ಟೈಪ್ ಮಾಡಲಿ, ಹೊರಗಿನ ಫೋನು ಅವನ್ನು ಓದಿ ಹೇಳಲಿ. ಧಾರವಾಡದ ಕಡೆಯವರೊಬ್ಬರು, ಮಂಗಳೂರಿನ ಕಡೆಯವರೊಬ್ಬರು, ಮಂಡ್ಯದ ಕಡೆಯವರೊಬ್ಬರು ಅದನ್ನು ಬಸ್ಸಿನ ವೇಳೆ ಕೇಳಲಿ. ಅವರು ಯಂತ್ರವನ್ನು ‘ನೀನು’ ಎನ್ನುತ್ತಾರೋ ‘ನೀವು’ ಎನ್ನುತ್ತಾರೋ, ಪುಸ್ತಕದ ಕನ್ನಡಕ್ಕೆ ಹೊರಳುತ್ತಾರೋ ಮನೆಮಾತಿನಲ್ಲೇ ಉಳಿಯುತ್ತಾರೋ, ಉತ್ತರ ತಪ್ಪಾದಾಗ ಮತ್ತೆ ಕೇಳುತ್ತಾರೋ ಫೋನನ್ನು ಕೆಳಗಿಡುತ್ತಾರೋ ಎಂಬುದನ್ನು ಬರೆದುಕೊಳ್ಳಿ. ಪ್ರಯೋಗ ಮುಗಿದ ಕೂಡಲೇ ಒಳಕೋಣೆಯಲ್ಲಿ ಮನುಷ್ಯನಿದ್ದನೆಂದು ಭಾಗವಹಿಸಿದವರಿಗೆ ತಿಳಿಸಿ, ಆ ದಾಖಲೆಯನ್ನು ಇಟ್ಟುಕೊಳ್ಳಲು ಅವರ ಒಪ್ಪಿಗೆಯನ್ನು ಪಡೆಯಿರಿ. ಬೇಡವೆಂದರೆ ಅವರ ಎದುರಿಗೇ ಅಳಿಸಿಬಿಡಿ.